ಕಸ್ತೂರಿ ಅಂದರೆ ಓ ಅನ್ನುತ್ತಿದ್ದ ಅವ್ವ

ನಮ್ಮ ಮನೆಯಲ್ಲಿ ಬಾಯಿಬಿಟ್ಟು ಅನ್ನಬಾರದ ಹೆಸರು ಒಂದೇ ಒಂದಿತ್ತು. ಅದು ನನ್ನ ಅವ್ವನ ಹೆಸರು. ಬಹಳ ದಿನ ನನಗಿದು ಗೊತ್ತಿರಲಿಲ್ಲ. ಆಯಿ, ಅಂದರೆ ಅಪ್ಪನ ತಾಯಿ, ಅವ್ವನನ್ನು ಕಸ್ತೂರಿ ಎಂದು ಕರೆಯುತ್ತಿದ್ದಳು. ಓಣಿಯ ಹೆಂಗಸರು ಕಸ್ತೂರಿ ಅನ್ನುತ್ತಿದ್ದರು, ವಯಸ್ಸಿನಲ್ಲಿ ಸಣ್ಣವರು ಕಸ್ತೂರಕ್ಕ ಅನ್ನುತ್ತಿದ್ದರು. ಅಡುಗೆಮನೆಯಲ್ಲಿ ಸಾಲಾಗಿ ಬೋರಲು ಹಾಕಿದ ತಂಬಿಗೆ, ಪರಾತ, ಕೊಡಗಳ ಅಂಚಿನ ಮೇಲೂ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ಹೆಸರು ಅದೇ. ಸಾಲೆಗೆ ಹೋಗುವ ಮೊದಲೇ ನಾನು ಗುರುತು ಹಿಡಿದ ಅಕ್ಷರಗಳು ಆ ಪಾತ್ರೆಗಳ ಮೇಲಿನವು. ನೀರು ಕುಡಿಯುವಾಗ ಬೆರಳಿನಿಂದ ಆ ಚುಕ್ಕೆಗಳನ್ನು ಸವರುತ್ತಿದ್ದೆ. ಇದು ಅವ್ವ, ಇದನ್ನು ಮುಟ್ಟಿದರೆ ಅವ್ವನನ್ನು ಮುಟ್ಟಿದಂತೆ ಎಂದುಕೊಳ್ಳುತ್ತಿದ್ದೆ.

ಬನಹಟ್ಟಿಯಲ್ಲಿ ನಮ್ಮದು ಉದ್ದನೆಯ ಮನೆ. ಮುಂದೆ ಪಡಸಾಲೆ, ಅದರ ಎಡಕ್ಕೆ ತಗಡು ಹೊದಿಸಿದ ಶೆಡ್ಡಿನಲ್ಲಿ ನಾಲ್ಕು ಕರೆಂಟಿನ ಮಗ್ಗ, ನಡುವೆ ಜೋಳದ ಚೀಲಗಳ ಕೋಣೆ, ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಕಿಟಕಿ ಇಲ್ಲದ ದೇವರ ಮನೆ. ನಮ್ಮ ಅಡ್ಡಹೆಸರು ಬಣ್ಣದ. ಅಪ್ಪನ ಅಜ್ಜ ನೂಲಿಗೆ ಬಣ್ಣ ಹಾಕುತ್ತಿದ್ದನಂತೆ. ಅವನ ಮಕ್ಕಳು ಬಣ್ಣದ ಬಾನಿಗಳನ್ನು ಬಿಟ್ಟು ಮಗ್ಗಕ್ಕೆ ಕೂತರೂ ಹೆಸರು ಮಾತ್ರ ಕೈಗೆ ಹತ್ತಿದ ಬಣ್ಣದ ಹಾಗೆ ಹಾಗೇ ಉಳಿಯಿತು. ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ಮಗ್ಗದ ಸಪ್ಪಳ. ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದಾಗೊಮ್ಮೆ ಅಡುಗೆಮನೆಯ ಪಾತ್ರೆಗಳು ಸಣ್ಣಗೆ ನಡುಗುತ್ತಿದ್ದವು. ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕೆಂದರೆ ಒದರಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಅಪ್ಪನಿಗಂತೂ ಮೆಲ್ಲಗೆ ಮಾತಾಡುವುದೇ ಬರುತ್ತಿರಲಿಲ್ಲ. ಕರೆಂಟು ಹೋದರೆ ನಾಲ್ಕೂ ಮಗ್ಗ ಒಟ್ಟಿಗೆ ನಿಂತು, ಕಿವಿಯಲ್ಲಿ ಗುಂಯ್ ಎನ್ನುವ ಮೌನ ತುಂಬುತ್ತಿತ್ತು. ಆ ಮೌನದಲ್ಲಿ ದೇವರ ಮನೆಯ ಬಾಗಿಲ ಕಡೆ ನೋಡಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಅಲ್ಲಿ ದೇವರನ್ನಿಡುವ ಜಗಲಿಯ ಮೇಲಿನ ಗೋಡೆಗೆ ಒಬ್ಬ ಹೆಂಗಸಿನ ಫೋಟೋ ಇತ್ತು. ತಲೆತುಂಬ ಸೆರಗು, ದೊಡ್ಡ ಕುಂಕುಮ, ಮೂಗಿಗೆ ನತ್ತು. ಕಣ್ಣುಗಳು ನಮ್ಮನ್ನು ನೋಡದೆ ನಮ್ಮ ಬೆನ್ನ ಹಿಂದೆ ನಿಂತ ಯಾರನ್ನೋ ನೋಡುತ್ತಿದ್ದ ಹಾಗಿದ್ದವು. ಅಮಾವಾಸ್ಯೆಗೊಮ್ಮೆ ಆಯಿ ಆ ಗಾಜು ಒರೆಸುತ್ತಿದ್ದಳು. ಅವ್ವ ಹೋಳಿಗೆಯ ಎಡೆ ಹಿಡಿದು, ಹಸಿರು ಬಳೆ ಇಟ್ಟು, ನೆಲಕ್ಕೆ ಹಣೆ ಹಚ್ಚಿ ಏಳುತ್ತಿದ್ದಳು. ಅವ್ವನ ಕೊರಳಲ್ಲಿ ತಾಳಿಯ ಜೊತೆಗೆ ಬೆಳ್ಳಿಯ ಸಣ್ಣದೊಂದು ಬಿಲ್ಲೆ ಇರುತ್ತಿತ್ತು, ಅದರ ಮೇಲೆ ಹೆಣ್ಣಿನ ಆಕಾರ. ಎರಡೂ ಒಬ್ಬಳೇ ಯಾರೋ ದೇವಿ ಎಂದುಕೊಂಡಿದ್ದೆ. ಎರಡನೇ ಇಯತ್ತೆಯಲ್ಲಿದ್ದಾಗ ಒಂದು ಅಮಾವಾಸ್ಯೆ, ಹೂ ಏರಿಸಲು ಆಯಿ ನನ್ನನ್ನು ಮಣೆಯ ಮೇಲೆ ನಿಲ್ಲಿಸಿದಳು. ಹೂವಿನ ಎಸಳು ಸರಿಸಿದಾಗ ಗಾಜಿನ ಕೆಳಗೆ ಬರೆದಿದ್ದದ್ದು ಕಂಡಿತು. ಆಗತಾನೆ ಓದಲು ಬರುತ್ತಿತ್ತು, ಕೂಡಿಸಿ ಕೂಡಿಸಿ ಓದಿದೆ. ಸೌಭಾಗ್ಯವತಿ ಕಸ್ತೂರಿ.

ನಾನು ಮಣೆಯಿಂದ ಹಾರಿ ಅಡುಗೆಮನೆಗೆ ಓಡಿದೆ. ಅವ್ವ ಒಲೆಯ ಮುಂದೆ ಕೂತಿದ್ದಳು. ಅವಳ ತೋಳು ಹಿಡಿದು ನೋಡಿದೆ. ಬೆಚ್ಚಗಿತ್ತು. ಆದರೂ ಕೈ ಬಿಡಲಿಲ್ಲ. ಹೂಮಾಲೆ ಹಾಕಿದ ಫೋಟೋ ಯಾರದಿರುತ್ತದೆ ಎಂದು ಆ ವಯಸ್ಸಿಗೂ ತಿಳಿದಿತ್ತು. ಅವ್ವ ಏನೆಂದು ಕೇಳಿದಳು, ನಾನು ಹೇಳಲಿಲ್ಲ. ಸಂಜೆ ಆಯಿ ಅಂಗಳದಲ್ಲಿ ಜೋಳ ಹಸನ ಮಾಡುತ್ತ ಕೂತಾಗ ಅವಳ ಪಕ್ಕಕ್ಕೆ ಹೋಗಿ ಕೇಳಿದೆ.

"ಆಯಿ, ಫೋಟೋದಾಗ ಅವ್ವನ ಹೆಸರ ಯಾಕ ಐತಿ?"

"ಅದು ನಿಮ್ಮವ್ವನ ಹೆಸರಲ್ಲ. ಆಕಿ ಹೆಸರ ನಿಮ್ಮವ್ವಗ ಇಟ್ಟೇವಿ."

"ಆಕಿ ಯಾರು?"

"ನಿಮ್ಮಪ್ಪನ ಮೊದಲನೇ ಹೆಂಡತಿ. ಹಡಿಯೂ ಮುಂದ ಹೋದ್ಲು. ಕೂಸೂ ಉಳೀಲಿಲ್ಲ."

ಆಯಿ ಮೊರದಿಂದ ಹರಳು ಆರಿಸಿ ಒಗೆಯುತ್ತ, ಜೋಳದ ಬೆಲೆ ಹೇಳಿದಷ್ಟು ಸಲೀಸಾಗಿ ಉಳಿದದ್ದನ್ನೂ ಹೇಳಿದಳು. ಎರಡನೆಯವಳು ಬೇರೆ ಹೆಸರಿನಲ್ಲಿ ಬಂದರೆ ಮೊದಲಿನವಳಿಗೆ ಹೊಟ್ಟೆಕಿಚ್ಚಾಗುತ್ತದೆ. ಅದೇ ಹೆಸರಿನವಳು ಮನೆಯಲ್ಲಿ ಅಡ್ಡಾಡಿಕೊಂಡಿದ್ದರೆ, ತಾನು ಇನ್ನೂ ಇಲ್ಲೇ ಇದ್ದೇನೆ, ತನ್ನ ಪಾತ್ರೆ ತಾನೇ ಬೆಳಗುತ್ತಿದ್ದೇನೆ ಎಂದುಕೊಂಡು ಸುಮ್ಮನಿರುತ್ತಾಳೆ. ಅದಕ್ಕೇ ಮದುವೆಯ ದಿನ ಅಪ್ಪ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆದ ಹೆಸರು ಕಸ್ತೂರಿ, ಅವ್ವನ ಕೊರಳಿಗೆ ಕಟ್ಟಿದ ಬಿಲ್ಲೆಯ ಮೇಲಿನ ರೂಪವೂ ಆ ಮೊದಲಿನವಳದೇ. ನಮ್ಮ ಕಡೆ ಸೊಸೆಗೆ ಹೊಸ ಹೆಸರಿಡುವುದು ಹೊಸದೇನಲ್ಲ, ಮನೆಮನೆಯಲ್ಲೂ ಇಡುತ್ತಾರೆ. ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಬರುತ್ತದೆ, ಅಡ್ಡಹೆಸರು ಬದಲಾಗುತ್ತದೆ, ಒಂದೇ ಮುಂಜಾನೆಯಲ್ಲಿ ಹೆಸರಿನ ಮೂರೂ ತುಂಡು ಬೇರೆಯಾಗುತ್ತವೆ. ಆದರೆ ಸತ್ತವಳ ಹೆಸರಿಟ್ಟದ್ದು ನಮ್ಮ ಓಣಿಯಲ್ಲಿ ನಮ್ಮ ಮನೆಯಲ್ಲಿ ಮಾತ್ರ.

"ಮತ್ತ ಅವ್ವನ ಖರೆ ಹೆಸರು?"

ಆಯಿಯ ಕೈ ನಿಂತಿತು. "ಅದನ್ನ ಈ ಮನಿಯಾಗ ಅನಬಾರದು, ಸುಮಿ. ಅಂದ್ರ ಆಕಿಗೆ ಗೊತ್ತಾಗಿಬಿಡ್ತೈತಿ. ತನ್ನ ಜಾಗಾದಾಗ ಬ್ಯಾರೆದಾಕಿ ಬಂದಾಳಂತ."

ಆ ಹೆಸರು ಯಾವುದೆಂದು ನನಗೆ ಆಗಲೇ ಗೊತ್ತಿತ್ತು. ಚಿಕ್ಕಪಡಸಲಗಿಯಲ್ಲಿ, ಅವ್ವನ ತವರಿನಲ್ಲಿ, ಎಲ್ಲರೂ ಅವಳನ್ನು ನೀಲಿ, ನೀಲವ್ವ ಅನ್ನುತ್ತಿದ್ದರು. ಅದು ಮುದ್ದಿನ ಹೆಸರು ಅಂದುಕೊಂಡಿದ್ದೆ ಅಷ್ಟೇ. ಸೂಟಿಯಲ್ಲಿ ಅಲ್ಲಿಗೆ ಹೋದಾಗ ಅವ್ವ ಬೇರೆಯೇ ಹೆಂಗಸು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಳೆಗಿಳಿಯುತ್ತಿದ್ದಳು, ಕಬ್ಬು ಹಲ್ಲಿನಿಂದಲೇ ಸುಲಿಯುತ್ತಿದ್ದಳು, ಅಣ್ಣನ ಜೊತೆ ಜಗಳ ಮಾಡಿ ಗೆಲ್ಲುತ್ತಿದ್ದಳು. ಯಾರಾದರೂ ನೀಲಿ ಅಂದರೆ ಓ ಎಂದು ಥಟ್ಟನೆ ತಿರುಗುತ್ತಿದ್ದಳು. ಬನಹಟ್ಟಿಯಲ್ಲಿ ಕಸ್ತೂರಿ ಎಂದು ಕರೆದರೆ ಓ ಅನ್ನಲು ಅವಳಿಗೆ ಒಂದು ಉಸಿರಿನಷ್ಟು ತಡವಾಗುತ್ತಿತ್ತು. ಆಯಿ ಹೇಳುವವರೆಗೆ ಆ ತಡ ನನ್ನ ಗಮನಕ್ಕೆ ಬಂದಿರಲಿಲ್ಲ. ಆಮೇಲೆ ಪ್ರತಿ ಸಲವೂ ಕೇಳತೊಡಗಿತು. ಆಯಿ ಕರೆದ ಕೂಡಲೇ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಈ ಸಲ ಓ ಅನ್ನುವವಳು ಅವ್ವನೋ, ಗೋಡೆಯ ಮೇಲಿನವಳೋ.

ಆ ವರ್ಷದ ಸೂಟಿ ಮುಗಿಸಿ ಬರುವಾಗ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ಬನಹಟ್ಟಿಯ ಬಸ್ಸಿಗೆ ಕಾಯುತ್ತಿದ್ದೆವು. ಅವ್ವ ತಲೆಗೂದಲು ನೀರಿನಿಂದ ತಟ್ಟಿ ಸರಿಮಾಡಿಕೊಂಡಳು, ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು, ಕುಂಕುಮ ದೊಡ್ಡದು ಮಾಡಿಕೊಂಡಳು. ನನ್ನ ಕಣ್ಣೆದುರೇ ಆ ಫೋಟೋ ತಯಾರಾಗುತ್ತಿದ್ದ ಹಾಗಿತ್ತು. ತಡೆಯಲಾರದೆ ಕೇಳಿಬಿಟ್ಟೆ.

"ಅವ್ವಾ, ನಿನಗ ಅಂಜಿಕಿ ಬರೂದಿಲ್ಲೇನು, ಆಕಿ ಹೆಸರಿಲೆ ಕರದ್ರ?"

ಯಾರು ಹೇಳಿದರು ಎಂದು ಅವಳು ಕೇಳಲಿಲ್ಲ. ಬಸ್ಸು ಬರುವ ದಾರಿ ನೋಡುತ್ತಲೇ ಹೇಳಿದಳು.

"ಮೊದಲ ವರ್ಷ ಬರ್ತಿತ್ತು. ಕಸ್ತೂರಿ ಅಂತ ಕರದಾಗೊಮ್ಮೆ ಹಿಂದ ತಿರುಗಿ ನೋಡ್ತಿದ್ದೆ, ಯಾರರ ನಿಂತಾರೇನೋ ಅಂತ."

"ಈಗ?"

"ಈಗ ನೋಡೂದಿಲ್ಲ."

ನೋಡುವುದಿಲ್ಲ ಅಂದಳೇ ಹೊರತು ಯಾರೂ ಇಲ್ಲ ಅನ್ನಲಿಲ್ಲ. ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಮನೆಯಲ್ಲಿ ಅವ್ವನ ಬೆನ್ನ ಹಿಂದಿನ ಜಾಗವನ್ನು ನಾನೇ ನೋಡತೊಡಗಿದೆ. ಅವಳು ಬಗ್ಗಿ ಕಸ ಹೊಡೆಯುವಾಗ, ನೀರು ತುಂಬುವಾಗ, ರೊಟ್ಟಿ ಬಡಿಯುವಾಗ ಗೋಡೆಗೂ ಅವಳಿಗೂ ನಡುವೆ ಹೋಗಿ ನಿಲ್ಲುತ್ತಿದ್ದೆ. ಕಾಲಾಗ ಅಡ್ಡಬರಬ್ಯಾಡ ಎಂದು ಅವ್ವ ಬೈಯುತ್ತಿದ್ದಳು.

ನಾನು ನಾಲ್ಕನೇ ಇಯತ್ತೆಗೆ ಬಂದಾಗ ಅವ್ವ ಮತ್ತೆ ಬಸುರಿಯಾದಳು. ನನ್ನ ನಂತರ ಎಷ್ಟೋ ವರ್ಷ ಆಗಿರಲಿಲ್ಲ, ಅದಕ್ಕೇ ಎಲ್ಲರೂ ಅವಳನ್ನು ಜೋಪಾನ ಮಾಡುತ್ತಿದ್ದರು. ಚಿಕ್ಕಪಡಸಲಗಿಯಿಂದ ಹೆಣ್ಣುಮಕ್ಕಳು ಬಂದು ಹಸಿರು ಸೀರೆ ಉಡಿಸಿ ಕುಬಸ ಮಾಡಿ ಹೋದರು. ಹೊಸ್ತಿಲು ದಾಟುವ ಮೊದಲೇ ಆಯಿ ಅವರಿಗೆಲ್ಲ ಮತ್ತೊಮ್ಮೆ ಎಚ್ಚರಿಕೆ ಕೊಟ್ಟಿದ್ದಳು. ಸ್ವಂತ ಅತ್ತಿಗೆಯೂ ಅವ್ವನನ್ನು ಅರ್ಧ ದಿನ ಏ ಇವಳ, ಏ ಇವಳ ಅನ್ನುತ್ತಲೇ ಕಳೆದಳು. ಎಂಟನೇ ತಿಂಗಳು ನಡೆಯುತ್ತಿತ್ತು. ಒಂದು ದಿನ ಸಾಲೆಯಲ್ಲಿ ಗುರುಗಳು ಒಬ್ಬೊಬ್ಬರನ್ನೇ ಎಬ್ಬಿಸಿ ಹೆಸರು, ತಂದೆಯ ಹೆಸರು, ಅಡ್ಡಹೆಸರು, ತಾಯಿಯ ಹೆಸರು ಕೇಳಿ ಬರೆದುಕೊಳ್ಳುತ್ತಿದ್ದರು. ನನ್ನ ಸರದಿ ಬಂದಾಗ ಮೂರು ಹೇಳಿ ನಿಂತುಬಿಟ್ಟೆ. ತಾಯಿಯ ಹೆಸರು ಗೊತ್ತಿಲ್ಲೇನು ಎಂದು ಗುರುಗಳು ಕೇಳಿದರು, ಹುಡುಗರು ನಕ್ಕರು. ನಾಳೆ ಕೇಳಿಕೊಂಡು ಬಾ ಅಂದರು. ಸಿಟ್ಟಿನಿಂದ, ನಾಚಿಕೆಯಿಂದ ಮನೆಗೆ ಬಂದೆ. ಯಾವುದನ್ನು ಬರೆಸಬೇಕು ಎಂದು ಈಗಲೇ ಕೇಳಬೇಕಿತ್ತು.

ಅವ್ವ ಶೆಡ್ಡಿನ ಮೂಲೆಯಲ್ಲಿ ನನಗೆ ಬೆನ್ನು ಮಾಡಿ ಕೂತು ನೂಲು ಸುತ್ತುತ್ತಿದ್ದಳು. ನಾಲ್ಕೂ ಮಗ್ಗ ಓಡುತ್ತಿದ್ದವು. ಅಪ್ಪ ಕಡಿದ ಎಳೆ ಕಟ್ಟುತ್ತ ಬಗ್ಗಿದ್ದ. ಬಾಗಿಲಲ್ಲಿ ನಿಂತು ಅವ್ವಾ ಎಂದು ಕರೆದೆ. ಕೇಳಲಿಲ್ಲ. ಮತ್ತೊಮ್ಮೆ, ಮಗದೊಮ್ಮೆ ಕರೆದೆ. ಈ ಸಪ್ಪಳದಲ್ಲಿ ಏನಂದರೂ ಯಾರಿಗೂ ಕೇಳುವುದಿಲ್ಲ ಎನ್ನುವ ಧೈರ್ಯವೋ, ಸಿಟ್ಟೋ, ಎದೆಯಲ್ಲಿದ್ದ ಗಾಳಿಯನ್ನೆಲ್ಲ ಹಾಕಿ ಒದರಿದೆ.

"ನೀಲವ್ವಾ."

ಅದೇ ಗಳಿಗೆಗೆ ಕರೆಂಟು ಹೋಯಿತು. ಮಗ್ಗಗಳು ನಿಂತವು. ನನ್ನ ದನಿಯ ಕೊನೆಯ ಅರ್ಧ ಆ ಮೌನದಲ್ಲಿ ತಗಡಿಗೆ ಬಡಿದು ಮನೆತುಂಬ ಹರಿದು ಹೋಯಿತು. ಅವ್ವ ಥಟ್ಟನೆ ತಿರುಗಿ ಓ ಅಂದಳು, ಒಂದು ಉಸಿರಿನ ತಡವೂ ಇಲ್ಲದೆ. ಅವಳ ಮುಖದ ಮೇಲೆ ಹೊಳೆಯ ದಂಡೆಯ ನಗು ಇತ್ತು. ನನ್ನನ್ನು ನೋಡಿದಳು, ನನ್ನ ಹಿಂದೆ ನೋಡಿದಳು, ನಗು ಹೋಯಿತು. ನಾನು ತಿರುಗಿದೆ. ನಡುವಿನ ಕೋಣೆಯ ಬಾಗಿಲಲ್ಲಿ ಆಯಿ ನಿಂತಿದ್ದಳು. ಅವಳು ನನ್ನನ್ನು ನೋಡುತ್ತಿರಲಿಲ್ಲ, ದೇವರ ಮನೆಯ ಕಡೆಗೆ ಕತ್ತು ಹೊರಳಿಸಿ ಕಿವಿಗೊಟ್ಟು ನಿಂತಿದ್ದಳು, ಒಳಗಿನಿಂದ ಯಾರಾದರೂ ಉತ್ತರ ಕೊಡುತ್ತಾರೇನೋ ಎನ್ನುವ ಹಾಗೆ.

ಅವಳು ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಕೈಹಿಡಿದು ಕರೆದೊಯ್ದು ಫೋಟೋದ ಮುಂದೆ ನಿಲ್ಲಿಸಿ ದೀಪ ಹಚ್ಚಿದಳು. ತಪ್ಪಾತು ಅನ್ನು ಅಂದಳು, ಅಂದೆ. ಮನಿಯಾಗ ಕಸ್ತೂರಿ ಒಬ್ಬಾಕಿನ ಅದಾಳ ಅನ್ನು ಅಂದಳು, ಅದನ್ನೂ ಅಂದೆ. ದೀಪದ ಬೆಳಕು ಗಾಜಿನ ಮೇಲೆ ಅಲುಗಿದಾಗ ಆ ಕಣ್ಣುಗಳು ನನ್ನ ಬೆನ್ನ ಹಿಂದಿನಿಂದ ಸರಿದು ಮೊದಲ ಸಲ ನನ್ನನ್ನೇ ನೋಡಿದಂತಾಯಿತು. ಮರುದಿನ ಸಾಲೆಯಲ್ಲಿ ತಾಯಿಯ ಹೆಸರು ಕಸ್ತೂರಿ ಎಂದು ಬರೆಸಿದೆ.

ಎರಡು ದಿನಕ್ಕೆ ಅವ್ವನ ಕಾಲು ಬಾತವು. ಕಾಲುಂಗುರ ಮಾಂಸದಲ್ಲಿ ಹೂತುಹೋದವು. ತಲೆ ಸಿಡಿಯುತ್ತದೆ ಎಂದು ಹಣೆಗೆ ಬಟ್ಟೆ ಬಿಗಿದುಕೊಂಡೇ ಕೆಲಸ ಮಾಡಿದಳು. ಬಸುರಿಯರಿಗೆ ಬಾವು ಬರುವುದೇ ಎಂದು ಓಣಿಯವರು ಅಂದರು. ನಾನು ಮಾತ್ರ ಲೆಕ್ಕ ಹಾಕುತ್ತಿದ್ದೆ. ಹೆಸರು ಕೇಳಿಸಿಕೊಂಡವಳು ಗೋಡೆ ಇಳಿದಿದ್ದಾಳೆ, ಕಾಲಿನಿಂದ ಹಿಡಿದಿದ್ದಾಳೆ, ಮೇಲೇರುತ್ತಿದ್ದಾಳೆ. ಯಾರಿಗೆ ಹೇಳಲಿ. ಆಯಿಗೆ ಹೇಳಿದರೆ ಅದು ಖರೆ ಆಗಿಬಿಡುತ್ತದೆ. ಅವ್ವನಿಗೆ ಹೇಳಿದರೆ ಅವಳು ಹಿಂದೆ ತಿರುಗಿ ನೋಡುತ್ತಾಳೆ.

ಮೂರನೆಯ ದಿನ ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ತಾಟು ಹಿಡಿದು ಎದುರಿಗೆ ಕೂತಿದ್ದೆ. ಅವಳು ಕೈ ನಿಲ್ಲಿಸಿ, ಸುಮಿ, ಕಣ್ಣಿಗೆ ಮಬ್ಬ ಬಂದಂಗ ಆಗೇತಿ, ದೀಪ ಹಚ್ಚು ಅಂದಳು. ಹೊರಗೆ ಬಿಸಿಲು ಹರಡಿತ್ತು. ಹಾಗೆ ಅಂದವಳೇ ಪಕ್ಕಕ್ಕೆ ವಾಲಿದಳು. ಕೈಕಾಲು ಸೆಟೆದು, ಕಣ್ಣು ಮೇಲಕ್ಕೆ ಸಿಕ್ಕಿಕೊಂಡು, ಇಡೀ ಮೈ ಅದುರಲು ಹತ್ತಿತು. ಹಲ್ಲಿನ ನಡುವೆ ನೊರೆ. ಆಯಿ ಓಡಿಬಂದು ಅವಳ ತಲೆ ತೊಡೆಯ ಮೇಲಿಟ್ಟುಕೊಂಡು ಬಂದ್ಲು ಅಂದಳು. ಆ ಒಂದೇ ಮಾತು. ಹಣೆಗೆ ವಿಭೂತಿ ಬಳಿದು, ಕಿವಿಯ ಹತ್ತಿರ ಬಾಯಿ ಇಟ್ಟು, ಯಾರವ್ವಾ ನೀ, ಏನ ಬೇಕ ನಿನಗ, ಎಲ್ಲಾ ಕೊಡ್ತೇವಿ, ಆಕಿನ್ನ ಬಿಡು ಎಂದು ಬೇಡಿಕೊಳ್ಳತೊಡಗಿದಳು. ಹಂಚಿನ ಮೇಲೆ ರೊಟ್ಟಿ ಸುಟ್ಟು ಕರಿ ಹೊಗೆ ಏಳುತ್ತಿತ್ತು. ನಾನು ಜೋಳದ ಚೀಲಗಳ ಹಿಂದೆ ಹೋಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ನನ್ನ ಬಾಯಿಂದಲೇ ಇದು ಆದದ್ದು.

ಮಗ್ಗ ನಿಲ್ಲಿಸಿ ಅಪ್ಪ ಬಂದ. ಬಾಗಿಲಲ್ಲಿ ಸ್ವಲ್ಪ ಹೊತ್ತು ಹಾಗೇ ನಿಂತ. ಅವನ ಮುಖ ಕಂಡಾಗ ಇದನ್ನು ಅವನು ಹಿಂದೊಮ್ಮೆ ನೋಡಿದ್ದಾನೆ ಎಂದು ಅನ್ನಿಸಿತು.

"ಅವ್ವಾ, ಸರೀ," ಅಂದ ಆಯಿಗೆ.

"ಹಂಗ ಎಬ್ಬಿಸಬ್ಯಾಡೋ, ಆಕಿನ್ನ ಕೇಳಾಕತ್ತೇನಿ. ಸಮಾಧಾನ ಮಾಡಿ ಕಳಸ್ತೇನಿ."

"ಹೋದ ಸಲನೂ ಕೇಳಿದಿ. ಇದು ಬ್ಯಾನಿ ಐತಿ. ದವಾಖಾನಿಗೆ ಒಯ್ಯತೇನಿ."

ಅಪ್ಪ ಆಯಿಗೆ ಎದುರಾಡಿದ್ದು ನಾನು ಕೇಳಿದ್ದು ಅದೇ ಮೊದಲು. ಅವ್ವನನ್ನು ಎರಡೂ ತೋಳಲ್ಲಿ ಎತ್ತಿಕೊಂಡು, ಪಕ್ಕದ ಮನೆಯ ಮುಂದೆ ನೂಲು ಇಳಿಸುತ್ತಿದ್ದ ಟೆಂಪೋದಲ್ಲಿ ಮಲಗಿಸಿದ. ನನ್ನನ್ನು ಬಿಟ್ಟುಹೋಗಲು ಯಾರಿಗೂ ನೆನಪಾಗಲಿಲ್ಲ, ನಾನೂ ಹತ್ತಿದೆ. ಜಮಖಂಡಿಯವರೆಗೆ ನೂಲಿನ ಗಂಟುಗಳ ನಡುವೆ ಅವ್ವನ ಬಾತ ಪಾದ ಹಿಡಿದು ಕೂತಿದ್ದೆ. ಆಯಿ ದಾರಿಯುದ್ದಕ್ಕೂ ಕಸ್ತೂರಿ, ಕಸ್ತೂರಿ ಅನ್ನುತ್ತಲೇ ಇದ್ದಳು. ಯಾವ ಕಸ್ತೂರಿಯನ್ನು ಕರೆಯುತ್ತಿದ್ದಾಳೆ, ಬಾ ಅನ್ನುತ್ತಿದ್ದಾಳೋ ಹೋಗು ಅನ್ನುತ್ತಿದ್ದಾಳೋ ನನಗೆ ತಿಳಿಯಲಿಲ್ಲ.

ದವಾಖಾನೆಯಲ್ಲಿ ರಕ್ತದ ಒತ್ತಡ ಏರಿ ಹೀಗಾಗಿದೆ ಅಂದರು. ಹೆಸರೇನೆಂದು ಕೇಳಿದ್ದಕ್ಕೆ ಆಯಿ ಕಸ್ತೂರಿ ಎಂದು ಬರೆಸಿದಳು. ಇಂಜೆಕ್ಷನ್ ಕೊಟ್ಟರು, ಸೆಳವು ನಿಂತಿತು, ಆಪರೇಷನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು ಕೂಸು, ಅಂಗೈಯಲ್ಲಿ ಹಿಡಿಯುವಷ್ಟು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಅವ್ವನಿಗೆ ಮಾತ್ರ ಎಚ್ಚರವಾಗಲಿಲ್ಲ. ಮರುದಿನ ಬೆಳಗ್ಗೆ ವಾರ್ಡಿನ ಕಿಟಕಿಯಿಂದ ಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು, ಆದರೂ ರೆಪ್ಪೆ ಅಲುಗಲಿಲ್ಲ. ವಯಸ್ಸಾದ ಒಬ್ಬ ಸಿಸ್ಟರ್ ಅವಳ ಗಲ್ಲ ತಟ್ಟಿ ಕರೆಯುತ್ತಿದ್ದರು.

"ಕಸ್ತೂರಿ. ಕಸ್ತೂರಿ, ಕಣ್ಣ ತಗೀವಾ. ಕೇಳಸ್ತೈತೇನು, ಕಸ್ತೂರಿ?"

ಎಷ್ಟೋ ಸಲ ಕರೆದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಬ್ಯಾರೆ ಏನರ ಹೆಸರೈತೇನ್ರಿ ಈಕಿಗೆ? ತವರಮನಿಯಾಗ ಕರಿಯೂ ಹೆಸರು? ಅದನ್ನರ ಕರದು ನೋಡ್ರಿ."

ಅಪ್ಪ ನೆಲ ನೋಡಿದ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಗಂಡಸರೂ ಹಿರಿಯರ ಮುಂದೆ ಹೆಂಡತಿಯ ಹೆಸರು ಹಿಡಿಯುವುದಿಲ್ಲ ಎನ್ನುವುದನ್ನು ಯಾರೂ ಹೇಳುವುದಿಲ್ಲ. ಅಪ್ಪ ಇಬ್ಬರು ಹೆಂಡಿರನ್ನೂ ಒಮ್ಮೆಯೂ ಹೆಸರಿನಿಂದ ಕರೆದವನಲ್ಲ. ಸಿಸ್ಟರ್ ನನ್ನನ್ನು ನೋಡಿದರು. ನೀ ಮಗಳೇನು, ನಿನಗ ಗೊತ್ತೈತೇನು ಅಂದರು. ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆಯಲಿಲ್ಲ. ಒಮ್ಮೆ ಅಂದಿದ್ದಕ್ಕೆ ಇಷ್ಟಾಯಿತು, ಇನ್ನೊಮ್ಮೆ ಅಂದರೆ ಅವ್ವ ಸತ್ತೇಹೋಗುತ್ತಾಳೆ. ನಾನು ಗೊತ್ತಿಲ್ಲ ಎಂದು ತಲೆ ಅಲ್ಲಾಡಿಸಿದೆ. ಈ ವಯಸ್ಸಿಗೂ ನನಗೆ ಬೆವರು ಬರಿಸುವ ನೆನಪು ಆ ಸೆಳವಿನದಲ್ಲ, ಹೀಗೆ ತಲೆ ಅಲ್ಲಾಡಿಸಿದ್ದು. ನನ್ನ ಅವ್ವ ಎಲ್ಲೋ ದೂರ ಹೋಗುತ್ತಿದ್ದಳು, ಅವಳನ್ನು ತಿರುಗಿಸುವ ಒಂದು ಮಾತು ನನ್ನಲ್ಲಿತ್ತು, ನಾನು ಇಲ್ಲ ಅಂದೆ.

ಆಗ ಆಯಿ ಗೋಡೆ ಬಿಟ್ಟು ಎದ್ದಳು. ಮಂಚದ ಹತ್ತಿರ ಬಂದು, ಅವ್ವನ ಹಣೆಯ ಮೇಲೆ ಒಣಗಿದ್ದ ವಿಭೂತಿಯನ್ನು ಸೆರಗಿನಿಂದ ಒರೆಸಿದಳು. ಬಗ್ಗಿದಳು. ಅವಳ ತುಟಿ ಎರಡು ಸಲ ಸುಮ್ಮನೆ ಅಲುಗಿದವು, ದನಿ ಬರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ.

"ನೀಲವ್ವಾ," ಅಂದಳು ಆಯಿ. "ಏ ನೀಲಾ. ಏಳವ್ವಾ."

ಏನೂ ಆಗಲಿಲ್ಲ. ಮತ್ತೆ ಕರೆದಳು, ಈ ಸಲ ಹೊಲದಾಚೆ ಇದ್ದವರನ್ನು ಕರೆಯುವಂತೆ ಉದ್ದಕ್ಕೆ ಎಳೆದು. ಅವ್ವನ ಹುಬ್ಬು ಕೂಡಿದವು. ಒಣಗಿದ ತುಟಿ ಬಿಟ್ಟು, ಕಣ್ಣು ತೆರೆಯದೆಯೇ, ಗಂಟಲಿನ ಆಳದಿಂದ ಓ ಅಂದಳು.

ಮಧ್ಯಾಹ್ನ ವರಾಂಡದ ಬೆಂಚಿನ ಮೇಲೆ ಆಯಿ ಒಬ್ಬಳೇ ಕೂತಿದ್ದಳು. ಅವಳ ಪಕ್ಕದಲ್ಲಿ ಹೋಗಿ ಕೂತೆ. ಅವ್ವ ಎರಡು ಚಮಚ ನೀರು ಕುಡಿದಿದ್ದಳು. ಆದರೂ ನನ್ನ ಹೆದರಿಕೆ ಇಳಿದಿರಲಿಲ್ಲ.

"ಆಯಿ, ಈಗ ನೀನೂ ಅಂದಿ. ಆಕಿಗೆ ಗೊತ್ತಾಗಿರ್ತೈತಿ."

ಆಯಿ ಮಾತಾಡಿದಾಗ ನನಗೆ ಹೇಳುತ್ತಿದ್ದಾಳೆ ಅನ್ನಿಸಲಿಲ್ಲ.

"ಆಕಿ ಹೆಸರೂ ಕಸ್ತೂರಿ ಆಗಿರಲಿಲ್ಲ. ಬೀಳಗಿ ಕಡಿಯಾಕಿ, ಗಂಗವ್ವ ಅಂತ. ಕಸ್ತೂರಿ ಅನ್ನೂ ಹೆಸರು ನನಗ ಛಲೋ ಅನ್ನಿಸಿತ್ತು, ನಾನ ಇಟ್ಟೆ. ಹೋಗೂ ಮುಂದ ಆಕಿನೂ ಹಿಂಗ ಕಣ್ಣ ಮುಚ್ಚಿ ಮಲಗಿದ್ಲು. ನಾ ಕಸ್ತೂರಿ, ಕಸ್ತೂರಿ ಅಂತ ಒದರೇ ಒದರಿದೆ. ಆಕಿ ಕೇಳಲಿಲ್ಲ. ಗಂಗವ್ವ ಅಂತ ಒಮ್ಮೆ ಕರೀಬೇಕಂತ ನನಗ ಹೊಳೀಲೇ ಇಲ್ಲ, ಸುಮಿ. ಒಂದ ವರ್ಷ ಬಾಳೇವು ಮಾಡಿದಾಕಿ. ಆ ಹೆಸರು ಆಕಿಗೆ ಇನ್ನೂ ಹತ್ತಿರಲಿಲ್ಲ."

ನಾನು ಇಷ್ಟು ದಿನ ಅಂಜಿದ್ದು ಕಸ್ತೂರಿಗೆ, ಆ ಹೆಸರಿನವಳು ಯಾರೂ ಇರಲೇ ಇಲ್ಲ. ಗೋಡೆಯ ಮೇಲೆ ಇದ್ದವಳು ಗಂಗವ್ವ ಎನ್ನುವ ಬೀಳಗಿ ಕಡೆಯ ಹುಡುಗಿ, ತನ್ನದಲ್ಲದ ಹೆಸರಿನ ಮೇಲೆ ಅವ್ವನಂತೆಯೇ ಅವಳೂ ಕೂತಿದ್ದಳು. ಆಯಿ ಇಷ್ಟು ವರ್ಷ ಅಂಜಿದ್ದು ಆ ಹುಡುಗಿಯ ಸಿಟ್ಟಿಗಲ್ಲ, ತಾನು ಕರೆಯದೆ ಬಿಟ್ಟ ಆ ಹೆಸರಿಗೆ. ಹಾಗೆಂದು ಆಗ ನನಗೆ ಹೇಳಲು ಬರುತ್ತಿರಲಿಲ್ಲ. ಆಯಿಯ ಕೈ ತಣ್ಣಗಿತ್ತು, ಅದನ್ನು ಹಿಡಿದುಕೊಂಡೆ, ಅಷ್ಟೇ.

ಮುಂದೆ ನಾನು ನರ್ಸ್ ಆದೆ. ಯಾಕೆಂದು ಯಾರಾದರೂ ಕೇಳಿದರೆ ಬೇರೇನೋ ಹೇಳುತ್ತೇನೆ. ಹುಬ್ಬಳ್ಳಿಯಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ಜೊತೆಯಲ್ಲಿದ್ದ ಕೇರಳದ ಸಿಸ್ಟರಿಗೆ ಅಪ್ಪನ ಹೆಸರೇ ಅಡ್ಡಹೆಸರು. ಅವಳ ಮಕ್ಕಳಿಗೆ ಅವಳ ಗಂಡನ ಹೆಸರು ಅಡ್ಡಹೆಸರಾಗಿತ್ತು. ಒಂದೇ ಮನೆಯಲ್ಲಿ ತಲೆಮಾರಿಗೊಂದು ಅಡ್ಡಹೆಸರೇ ಎಂದು ನಾನು ಬೆರಗಾದರೆ, ಅಜ್ಜ ಬಿಟ್ಟ ಕೆಲಸದ ಹೆಸರು ನಿನಗೇಕೆ ಎಂದು ಅವಳು ಬೆರಗಾಗುತ್ತಿದ್ದಳು. ಮುಂಡಗೋಡದ ಕ್ಯಾಂಪಿನಿಂದ ಬಂದಿದ್ದ ಟಿಬೆಟಿನ ಮುದುಕಿಯೊಬ್ಬಳಿಗೆ ಅಡ್ಡಹೆಸರೇ ಇರಲಿಲ್ಲ. ಫಾರಂನ ಆ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಒಪ್ಪುತ್ತಿರಲಿಲ್ಲ. ಚಿಕ್ಕವಳಿದ್ದಾಗ ತನಗೆ ಭಾರಿ ಕಾಯಿಲೆ ಬಂದಿತ್ತು, ಮಠದ ಗುರುಗಳು ಹೆಸರು ಬದಲಿಸಿದರು, ಸಾವು ಹಳೆಯ ಹೆಸರಿನವಳನ್ನು ಹುಡುಕಿ ಸಿಗದೆ ಹೋಯಿತು ಎಂದು ಅವಳು ನಗುತ್ತ ಹೇಳಿದಳು. ನಾನು ನಗಲಿಲ್ಲ. ಎಷ್ಟು ದೂರದ ಜನ, ಅವರೂ ನಮ್ಮ ಆಯಿಯ ಹಾಗೆ ಅಂಜಿದ್ದಾರೆ ಅನ್ನಿಸಿತು. ವಾರ್ಡಿಗೆ ಯಾವ ಹೆಂಗಸು ಬಂದರೂ ನಾನು ತವರಿನಲ್ಲಿ ನಿಮಗ ಏನಂತ ಕರೀತಿದ್ರು ಎಂದು ಕೇಳಿ, ಕೇಸ್‌ಪೇಪರಿನ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದೆ. ಕೆಲವರು ಹೇಳುವ ಮೊದಲು ಬಾಗಿಲ ಕಡೆ ನೋಡುತ್ತಿದ್ದರು.

ಆ ವರ್ಷ ಜಮಖಂಡಿಯ ದವಾಖಾನೆಯಲ್ಲಿ ನಾಲ್ಕನೆಯ ದಿನ ಅವ್ವ ಒರಗಿ ಕೂರುವಷ್ಟಾದಳು. ಕೂಸನ್ನು ಮೊದಲ ಸಲ ತಂದು ತೋರಿಸಿದರು. ಅದರ ಬೆರಳಿನಷ್ಟು ದಪ್ಪದ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿತ್ತು, ಅದರ ಮೇಲೆ ತಾಯಿಯ ಹೆಸರಿನ ಜಾಗದಲ್ಲಿ ಕಸ್ತೂರಿ ಎಂದು ಬರೆದಿತ್ತು. ಅವ್ವ ಅದನ್ನು ಬಹಳ ಹೊತ್ತು ನೋಡಿದಳು. ಕೂಸನ್ನು ಒಯ್ದ ಮೇಲೆ ಅಪ್ಪನಿಗೆ ಹೇಳಿದಳು.

"ಆ ಪಟ್ಟಿ ಮ್ಯಾಲೆ ನನ್ನ ಹೆಸರ ಬರಸ್ರಿ."

"ಐತೆಲ್ಲ."

"ನನ್ನ ಹೆಸರು."

ಅಪ್ಪ ಆಯಿಯ ಕಡೆ ನೋಡಿದ. ಆಯಿ ಕಿಟಕಿಯ ಹೊರಗೆ ನೋಡುತ್ತಿದ್ದಳು, ತಡೆಯಲಿಲ್ಲ. ಅವನು ವಾರ್ಡಿನ ಬಾಗಿಲ ಪಕ್ಕದಲ್ಲೇ ಇದ್ದ ಮೇಜಿನ ಹತ್ತಿರ ಹೋಗಿ ನಿಂತ. ದಾಖಲೆ ಬರೆಯುವವರು ತಾಯಿ ಹೆಸರೇನ್ರಿ ಎಂದು ಕೇಳಿದ್ದು ನಮಗೆ ಕೇಳಿಸಿತು. ಅಪ್ಪ ಏನೋ ಅಂದ, ಕೇಳಿಸಲಿಲ್ಲ. ಜೋರಾಗಿ ಹೇಳ್ರಿ ಅಂದರು. ಅಪ್ಪನಿಗೆ ಗೊತ್ತಿದ್ದದ್ದು ಒಂದೇ ಜೋರು, ನಾಲ್ಕು ಮಗ್ಗದ ಮೇಲೆ ಒದರುವ ಜೋರು.

"ನೀಲವ್ವ."

ವರಾಂಡದಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಅವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅಳುತ್ತಿದ್ದಾಳೆ ಎಂದು ಹೆದರಿ ಹತ್ತಿರ ಹೋದೆ. ಒಳಗಿನಿಂದ ಸಣ್ಣಗೆ, ಹೊಲಿಗೆ ನೋಯದಂತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ಹೋಗು ಸುಮಿ," ಅಂದಳು, "ಸರಿ ಬರದಾರೋ ಇಲ್ಲೋ ನೋಡಿಬಾ."

ಹೋಗಿ ನೋಡಿದೆ. ಹೊಸ ಪಟ್ಟಿಯ ಮೇಲೆ ಮಸಿ ಇನ್ನೂ ಹಸಿಯಾಗಿತ್ತು. ಆ ಹೆಸರನ್ನು ಬರೆದದ್ದು ನಾನು ನೋಡಿದ್ದು ಅದೇ ಮೊದಲು. ತಿರುಗಿ ಬಂದು ಸರಿ ಬರದಾರ ಅಂದೆ.

"ಏನಂತ ಬರದಾರ?"

ಸೆರಗಿನ ಒಳಗಿನಿಂದ ಅವಳು ನನ್ನನ್ನೇ ನೋಡುತ್ತಿದ್ದಳು. ಆಯಿಯ ಕಡೆ ನೋಡಿದೆ, ಬಾಗಿಲ ಕಡೆ ನೋಡಿದೆ, ಅವ್ವನ ಬೆನ್ನ ಹಿಂದಿನ ಬರಿಯ ಗೋಡೆ ನೋಡಿದೆ. ಅವ್ವ ಕಾಯುತ್ತಲೇ ಇದ್ದಳು. ಮಂಚದ ಕಂಬಿ ಗಟ್ಟಿಯಾಗಿ ಹಿಡಿದುಕೊಂಡು, ನನಗೇ ಕೇಳದಷ್ಟು ಮೆಲ್ಲಗೆ ಹೇಳಿದೆ.

"ನೀಲವ್ವ."

"ಓ," ಅಂದಳು ಅವ್ವ.